ಖಾಲಿ ಹಾಸಿಗೆಯ ಲೆಕ್ಕ

ಖಜೂರಿ

ಅಮೆರಿಕಾ ನೋಡಿ ಬಂದವರು ಅಲ್ಲಿಯ ಜಲಪಾತದ ಬಗ್ಗೆ ಹೇಳುತ್ತಾರೆ, ಆಕಾಶ ಮುಟ್ಟುವ ಕಟ್ಟಡಗಳ ಬಗ್ಗೆ ಹೇಳುತ್ತಾರೆ. ನಾನು ಎರಡು ವಾರ ಇದ್ದು ನೋಡಿದ್ದು ಒಂದು ದವಾಖಾನೆ, ಒಬ್ಬ ನರ್ಸಿನ ಹಳೆಯ ಕಾರು ಮತ್ತು ಒಬ್ಬ ರೋಗಿಯ ಅಡುಗೆಮನೆ. ಅಷ್ಟರಲ್ಲೇ ಗಾಬರಿಪಡಲು ಬೇಕಾದಷ್ಟು ಸಿಕ್ಕಿತು.

ನಾನು ಹುಟ್ಟಿದ್ದು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ, ಹೊಟ್ಟೆ ಹೊರೆಯುವುದು ಗುಲಬರ್ಗಾದಲ್ಲಿ, ಆಡಿಟರ್ ಆಗಿ. ಧಾನ್ಯದ ಅಡತಿ ಅಂಗಡಿ, ಬೇಳೆ ಮಿಲ್ಲು, ಸಹಕಾರಿ ಸಂಘ ಎಂದು ಊರವರ ಲೆಕ್ಕವನ್ನೆಲ್ಲ ನೋಡಿದವನು. ಇನ್ನು ಯಾವ ಲೆಕ್ಕವೂ ನನ್ನನ್ನು ಬೆಚ್ಚಿ ಬೀಳಿಸಲಾರದು ಎಂಬ ಜಂಬ ನನಗೆ ಇತ್ತು. ಹೆಂಡತಿ ಅದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಆಳಂದದಲ್ಲಿ ನಮ್ಮದೊಂದು ಟ್ರಸ್ಟಿನ ಸಣ್ಣ ದವಾಖಾನೆ ಇದೆ. ಅದರಲ್ಲಿ ಡಾಕ್ಟರ್ ಶಿವಲೀಲಾ ಎಂಬ ಹುಡುಗಿ ಸೋತ ಹೃದಯಗಳಿಗಾಗಿಯೇ ಒಂದು ವಾರ್ಡು ಮಾಡಿದ್ದಳು. ಸೋತ ಹೃದಯವೆಂದರೆ ನಿಂತುಹೋದದ್ದಲ್ಲ, ರಕ್ತವನ್ನು ಪೂರಾ ತಳ್ಳಲಾಗದೆ ದಣಿದದ್ದು. ಮೈಯಲ್ಲಿ ನೀರು ನಿಲ್ಲುತ್ತದೆ, ಕಾಲು ಬಾತುಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಆ ವಾರ್ಡಿಗೆ ಎಲ್ಲರಿಗಿಂತ ಹೆಚ್ಚು ಸಲ ಬಂದವಳು ಸುವರ್ಣಾ. ಟ್ರಸ್ಟಿನ ಅಧ್ಯಕ್ಷ ಮಲ್ಲಣ್ಣ ಸಾವ್ಕಾರರ ಒಬ್ಬಳೇ ಮಗಳು, ಜೇವರ್ಗಿಗೆ ಕೊಟ್ಟದ್ದು. ಎರಡನೇ ಬಾಣಂತನದ ನಂತರ ಅವಳ ಹೃದಯ ಸೋತಿತು. ಏದುಸಿರು ಬಿಡುತ್ತ ಬರುತ್ತಾಳೆ, ನೀರು ಇಳಿಸುತ್ತಾರೆ, ನಗುತ್ತ ಹೋಗುತ್ತಾಳೆ, ಕೆಲವು ವಾರಗಳಲ್ಲೇ ಮತ್ತೆ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಬರುತ್ತಾಳೆ. ಪ್ರತಿ ಸಲವೂ ಹೃದಯ ಇನ್ನಷ್ಟು ಸವೆಯುತ್ತದೆ, ಹೀಗೇ ನಡೆದರೆ ಬಹಳ ದಿನ ತಾಳುವುದಿಲ್ಲ ಎಂದು ಶಿವಲೀಲಾ ಹೇಳಿಬಿಟ್ಟಿದ್ದಳು.

ಸಾವ್ಕಾರರು ಒಂದು ಹೊಲ ಮಾರಿ ಹಣ ತೆಗೆದಿಟ್ಟರು. ಹೃದಯಕ್ಕೆ ಆಸರೆ ಕೊಡುವ ಪಂಪಿನ ಯಂತ್ರವೊಂದಿದೆ ಎಂದು ಯಾರೋ ಹೇಳಿದ್ದರು, ಅದನ್ನು ತರಬೇಕು, ಮೇಲೆ ತೀರಿಕೊಂಡ ಹೆಂಡತಿಯ ಹೆಸರು ಬರೆಸಬೇಕು. ಶಿವಲೀಲಾಗೆ ಕಲಿಸಿದ ಅಮೆರಿಕಾದ ಡಾಕ್ಟರೊಬ್ಬರು, ಕೊಳ್ಳುವ ಮೊದಲು ನಮ್ಮಲ್ಲಿ ಬಂದು ನೋಡಿ ಎಂದು ಕರೆದರು. ವಾರ್ಡು ಬಿಟ್ಟು ಅವಳು ಬರುವಂತಿರಲಿಲ್ಲ. ಸಾವ್ಕಾರರೇ ಹೊರಟರು, ಇಂಗ್ಲಿಷಿಗೂ ಲೆಕ್ಕಕ್ಕೂ ನಾನು.

"ಆಡಿಟರ್ ಮಾಮಾ, ಮಷೀನ್ ನೋಡಿ ಮರುಳಾಗಬ್ಯಾಡ್ರಿ" ಎಂದಿದ್ದಳು ಶಿವಲೀಲಾ. "ಇಂಥಾ ವಾರ್ಡ್ ನಡಸಾಕ ರೊಕ್ಕ ಎಲ್ಲಿಂದ ಬರ್ತದ, ಯಾತಕ್ಕ ಬರ್ತದ, ಅಷ್ಟು ಕೇಳ್ಕೊಂಡು ಬರ್ರಿ."

ಬೊಂಬಾಯಿಯ ದಾರಿಯಲ್ಲಿ, ರಾಜ್ಯದ ಗಡಿಯ ಖಜೂರಿಯ ಹತ್ತಿರ ಲಾರಿಗಳ ಸಾಲಿನ ಹಿಂದೆ ನಮ್ಮ ಜೀಪು ನಿಂತಿತು. ಸಾವ್ಕಾರರು ಇಳಿದು ತಮ್ಮ ಚೀಲ ಬಿಚ್ಚಿ ನೋಡಿದರು. ಕಡಕ್ ರೊಟ್ಟಿ, ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಮಾವಿನ ಉಪ್ಪಿನಕಾಯಿ, ಉಪ್ಪು ತುಂಬಿ ಒಣಗಿಸಿದ ಮೆಣಸಿನಕಾಯಿ, ಹಪ್ಪಳ. ಬೀಗರ ಮನೆಗೆ ಹೊರಟವರಂತೆ ತುಂಬಿದ್ದರು. ಇಬ್ಬರಿಗೆ ಇಷ್ಟು ಯಾಕೆ ಎಂದರೆ, "ನಾಕ್ ಮಂದಿ ಮನಿಗಿ ಹೋಗಬೇಕಾಗ್ತದ. ಕೈ ಬೀಸ್ಕೊಂಡು ಹ್ಯಾಂಗ ಹೋಗೋದ್ರಿ?" ಎಂದರು.

ವಿಮಾನದಲ್ಲಿ

ಬೊಂಬಾಯಿಯಲ್ಲಿ ಹತ್ತಿದ ಮೇಲೆ ಸಾವ್ಕಾರರು ವಿಮಾನದವರು ಕೊಟ್ಟ ಊಟವನ್ನು ಮುಟ್ಟಲಿಲ್ಲ. ರೊಟ್ಟಿ ಬಿಚ್ಚಿದರು. ಪಕ್ಕದ ಸೀಟಿನ ಬಿಳಿ ಹೆಂಗಸಿಗೆ ಕೊಡದೆ ತಾವು ತಿನ್ನುವುದು ಅವರಿಂದಾಗುವ ಕೆಲಸವಲ್ಲ. ಅವಳು ಮೊದಲು ಬೆರಳಲ್ಲಿ ಮುಟ್ಟಿ ನೋಡಿದಳು, ಆಮೇಲೆ ಕರುಕುರು ಎನಿಸುತ್ತ ಪೂರಾ ತಿಂದಳು, ಹಿಂಡಿಯನ್ನು ಬೆರಳಿಂದ ನೆಕ್ಕಿದಳು. ಬಿಳಿಯರಿಗೆ ನಮ್ಮ ಹಿಂಡಿ ಸೇರುತ್ತದೆ ಎಂದು ಸಾವ್ಕಾರರು ಅಲ್ಲೇ ತೀರ್ಮಾನಿಸಿದರು. ಇಳಿದ ಮೇಲೆ ತಪಾಸಣೆಯ ಅಧಿಕಾರಿ ಹಿಂಡಿಯ ಪೊಟ್ಟಣವನ್ನು ಮೂಸಿ, ಎರಡು ಸಲ ಸೀನಿ, ಇನ್ನೇನೂ ಕೇಳದೆ ಕೈಯಾಡಿಸಿ ಕಳಿಸಿದ. ಅವನು ಅಲ್ಲೇ ಅದನ್ನು ಕಸದ ಡಬ್ಬಿಗೆ ಎಸೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನಿಸಿತು.

ಕಾರ್ಪೆಟ್ಟಿನ ದವಾಖಾನೆ

ಊರಿನ ಹೆಸರು ಬೇಡ. ಸರೋವರದ ದಡದ ಊರು, ಗಾಳಿ ಕಿವಿಯನ್ನು ಕೊಯ್ಯುತ್ತದೆ. ದವಾಖಾನೆಯೊಳಗೆ ಕಾಲಿಟ್ಟರೆ ನೆಲಕ್ಕೆ ಕಾರ್ಪೆಟ್ಟು, ಮಧ್ಯದಲ್ಲಿ ಕಾರಂಜಿ, ಪಿಯಾನೋ ನುಡಿಸುವ ಒಬ್ಬ ಮುದುಕ. ಫಿನಾಯಿಲ್ ವಾಸನೆ ಇಲ್ಲ, ಬುತ್ತಿ ಬಿಚ್ಚಿಕೊಂಡು ಕೂತ ನೆಂಟರಿಲ್ಲ. "ಇದು ದವಾಖಾನಿನೋ ಲಗ್ನದ ಛತ್ರನೋ?" ಎಂದು ಸಾವ್ಕಾರರು ಚಪ್ಪಲಿ ಬಿಡಲು ಜಾಗ ಹುಡುಕಿದರು. ಗೋಡೆಯ ತುಂಬ ದಾನಿಗಳ ಹೆಸರು. ಅದನ್ನು ನೋಡಿ ಅವರಿಗೆ ಧೈರ್ಯ ಬಂತು, ಇದೊಂದು ವಿಷಯದಲ್ಲಿ ಆಳಂದಕ್ಕೂ ಇಲ್ಲಿಗೂ ವ್ಯತ್ಯಾಸವಿಲ್ಲ.

ಹೃದಯದ ವಾರ್ಡಿನಲ್ಲಿ ಪಂಪಿನ ಯಂತ್ರ ತೋರಿಸಿದರು. ಕೊಳವೆಗಳ ನಡುವೆ ಮಲಗಿದ್ದ ಮನುಷ್ಯ ಪತ್ರಿಕೆ ಓದುತ್ತಿದ್ದ. ಸಾವ್ಕಾರರು ಯಂತ್ರಕ್ಕೆ ಕೈಮುಗಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ನೋಡದವನಂತೆ ಕಿಟಕಿಯ ಕಡೆ ತಿರುಗಿದೆ.

ಆಮೇಲೆ ನನ್ನನ್ನು ಲೆಕ್ಕದ ಮುಖ್ಯಸ್ಥ ಟಾಮ್ ಎಂಬವನ ಕೋಣೆಗೆ ಕರೆದೊಯ್ದರು. ಗುಂಡು ಮುಖ, ನಗುವ ಕಣ್ಣು, ತಾನೇ ಎದ್ದು ಕಾಫಿ ತಂದುಕೊಟ್ಟ. ವೃತ್ತಿಬಂಧು ಎಂದು ನನಗೆ ಹಿತವಾಯಿತು. ಇಂಥ ವಾರ್ಡಿಗೆ ಡಾಕ್ಟರು, ನರ್ಸು, ಔಷಧ, ಯಂತ್ರದ ರಿಪೇರಿ ಎಂದು ಖರ್ಚು ಸುರಿಯುತ್ತದಲ್ಲ, ಎಲ್ಲಿಂದ ತುಂಬುತ್ತೀರಿ ಎಂದು ಕೇಳಿದೆ.

"ತುಂಬುವುದೇನು, ಈ ವಾರ್ಡೇ ಉಳಿದವರನ್ನು ಸಾಕುತ್ತದೆ" ಎಂದ. ರೋಗಿ ಬಂದು ಮಲಗಿದರೆ ಸರಕಾರವೋ ವಿಮೆಯವರೋ ಹಣ ಕೊಡುತ್ತಾರೆ. ಹೆರಿಗೆ ವಾರ್ಡು, ಮಕ್ಕಳ ವಾರ್ಡು ನಷ್ಟದಲ್ಲಿವೆ, ಅವಕ್ಕೆ ಅನ್ನ ಹಾಕುವುದು ಹೃದಯ. "ಕಳೆದ ಚಳಿಗಾಲ ತುಂಬ ಚೆನ್ನಾಗಿತ್ತು" ಎಂದು ಸೇರಿಸಿದ.

ಹಿಮ ಕಡಿಮೆ ಬಿತ್ತೇನೋ ಎಂದುಕೊಂಡೆ. ಹಾಗಲ್ಲವಂತೆ. ಹಿಮ ಜೋರಾಗಿ ಬಿದ್ದು, ಊರಿನ ತುಂಬ ನೆಗಡಿ ಜ್ವರ ಹರಡಿ, ದಣಿದ ಹೃದಯದವರೆಲ್ಲ ಒಟ್ಟಿಗೆ ಬಂದು ಮಲಗಿ, ಒಂದು ಹಾಸಿಗೆಯೂ ಖಾಲಿ ಉಳಿದಿರಲಿಲ್ಲ. ನಾನು ಕಾಫಿಯ ಲೋಟವನ್ನು ಕೆಳಗಿಟ್ಟೆ. ಪಕ್ಕದ ತಾಲೂಕಿನ ಬೆಳೆ ಹೋದರೆ ದರ ಏರಿತೆಂದು ಮೀಸೆ ತಿರುವುವ ವ್ಯಾಪಾರಿಗಳನ್ನು ನಾನು ಬಹಳ ನೋಡಿದ್ದೇನೆ. ಆದರೆ ಅವರು ತೊಗರಿಯ ಮಾತಾಡುತ್ತಾರೆ, ಮನುಷ್ಯರದ್ದಲ್ಲ. ಟಾಮ್ ಕೆಟ್ಟವನಾಗಿದ್ದರೆ ಬೈದುಕೊಂಡು ಎದ್ದು ಬರಬಹುದಿತ್ತು. ಒಳ್ಳೆಯ ಮನುಷ್ಯ, ಮೇಜಿನ ಮೇಲೆ ತಾಯಿಯ ಫೋಟೋ ಇಟ್ಟುಕೊಂಡಿದ್ದ, ಆಕೆಯೂ ಹೃದಯದಿಂದಲೇ ಹೋದವಳಂತೆ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಎಲೆನ್‌ಳ ಕಾರು

ನೆಲಮಾಳಿಗೆಯಲ್ಲಿ, ಕಾರ್ಪೆಟ್ಟು ಮುಗಿದು ಬರಿ ಸಿಮೆಂಟು ಶುರುವಾಗುವಲ್ಲಿ, ಒಂದು ಕೋಣೆ ಇತ್ತು. ಒಂದು ಫೋನು, ಎರಡು ಕುರ್ಚಿ, ಎಲೆನ್ ಎಂಬ ಎತ್ತರದ ನರ್ಸು. ಮನೆಗೆ ಹೋದ ರೋಗಿಗಳ ಬೆನ್ನು ಹತ್ತುವುದು ಅವಳ ಕೆಲಸ. ಬೆಳಿಗ್ಗೆ ಫೋನು ಮಾಡಿ ತೂಕ ಎಷ್ಟಾಯಿತು ಎಂದು ಕೇಳುತ್ತಾಳೆ. ತೂಕ ಒಮ್ಮೆಲೇ ಏರಿದರೆ ಮೈಯಲ್ಲಿ ನೀರು ನಿಂತಿದೆ ಎಂದರ್ಥ, ಡಾಕ್ಟರನ್ನು ಕೇಳಿ ಗುಳಿಗೆ ಹೆಚ್ಚಿಸುತ್ತಾಳೆ. ಮಧ್ಯಾಹ್ನ ತನ್ನ ಹಳೆಯ ಕಾರಿನಲ್ಲಿ ಮನೆಮನೆಗೆ ಹೋಗಿ ಅಡುಗೆಮನೆಯ ಕಪಾಟು ತೆಗೆದು ನೋಡುತ್ತಾಳೆ. ನಮ್ಮ ಕಡೆ ಹೊರಗಿನ ಹೆಂಗಸು ಹೀಗೆ ಡಬ್ಬಿಗೆ ಕೈ ಹಾಕಿದರೆ ಲಟ್ಟಣಿಗೆ ತೋರಿಸಿ ಓಡಿಸುತ್ತಾರೆ. ಇಲ್ಲಿ ಮುದುಕರು ಅವಳನ್ನು ಕಂಡ ಕೂಡಲೇ ಸಿಕ್ಕಿಬಿದ್ದ ಶಾಲಾಮಕ್ಕಳ ಹಾಗೆ ಡಬ್ಬಿಗಳನ್ನು ತಾವೇ ತಂದು ಒಪ್ಪಿಸುತ್ತಿದ್ದರು.

"ಉಪ್ಪು" ಎಂದಳು. "ಉಪ್ಪು ನೀರನ್ನು ಹಿಡಿದಿಡುತ್ತದೆ. ನನ್ನ ಅರ್ಧ ಕೆಲಸ ಉಪ್ಪನ್ನು ಹುಡುಕುವುದು."

ಅವಳ ಕೈಗೆ ಬಂದ ಮೇಲೆ ರೋಗಿಗಳು ವಾರ್ಡಿಗೆ ಮರಳುವುದು ಬಹಳ ಕಡಿಮೆಯಾಗಿದೆ ಎಂದು ಹೃದಯದ ಡಾಕ್ಟರು ಹೆಮ್ಮೆಯಿಂದ ಹೇಳಿದರು. ನಾನು ಮನಸ್ಸಿನಲ್ಲೇ ಶಭಾಷ್ ಎಂದೆ. ಎಲೆನ್ ಮಾತ್ರ ನಗಲಿಲ್ಲ.

ವಾಲ್ಟರನ ಮನೆ

ವಾಲ್ಟರ್ ಲಾರಿ ಓಡಿಸಿ ನಿವೃತ್ತನಾದವನು, ಒಬ್ಬಂಟಿ. ಎಲೆನ್ ನಮ್ಮನ್ನು ಅವನ ಮನೆಗೆ ಕರೆದೊಯ್ದಳು. ಲಾರಿ ಎಂದ ಕೂಡಲೇ ಸಾವ್ಕಾರರಿಗೆ ಊರು ನೆನಪಾಯಿತು. ಖಜೂರಿಯ ಡಾಂಬರು, ಟೈರು, ಡೀಸೆಲ್ಲಿನ ವಿಷಯ ನನ್ನ ಬಾಯಿಂದ ಇಂಗ್ಲಿಷಾಗಿ ಹೋಗಿ ವಾಲ್ಟರನ ನಗುವಾಗಿ ಮರಳಿತು. ಎಲೆನ್ ಪಕ್ಕದ ಬೀದಿಯ ಇನ್ನೊಬ್ಬ ರೋಗಿಯನ್ನು ನೋಡಿ ಬರುತ್ತೇನೆಂದು ಹೊರಟಳು. ಸಾವ್ಕಾರರು ಚೀಲ ಬಿಚ್ಚಿದರು.

ನನಗೆ ಆ ಕ್ಷಣ ಏನೂ ಹೊಳೆಯಲಿಲ್ಲ. ಉಪ್ಪು ಎಂದರೆ ಸಾರಿಗೆ ಹಾಕುವ ಉಪ್ಪು. ಹಿಂಡಿ, ಉಪ್ಪಿನಕಾಯಿ, ಹಪ್ಪಳ ನಮ್ಮಲ್ಲಿ ಬಾಯಿಗೆ ಹಚ್ಚಿಕೊಳ್ಳುವ ಪದಾರ್ಥ, ಅವುಗಳನ್ನು ಉಪ್ಪಿನ ಲೆಕ್ಕಕ್ಕೆ ಯಾರು ಹಿಡಿಯುತ್ತಾರೆ? ವಾಲ್ಟರನಿಗೆ ಶೇಂಗಾ ಎಂದರೆ ಜೀವ. ಬ್ರೆಡ್ಡಿಗೆ ಹಿಂಡಿ ಒತ್ತಿಕೊಂಡು ತಿಂದ. ಸಾಕು ಎಂದು ಕೈ ಅಡ್ಡ ಮಾಡಿದರೆ ಸಾವ್ಕಾರರು ಬಿಡಬೇಕಲ್ಲ. "ಇನ್ನೊಂದ್ ಈಟು ಹಾಕೋರಿ. ನಮ್ಮೂರಾಗ ಒಲ್ಲೆ ಅಂದ್ರ ಹಾಕು ಅಂದಂಗ" ಎನ್ನುತ್ತ ಸುರಿದರು. ಹೊರಡುವಾಗ ಪೊಟ್ಟಣ ಅಲ್ಲೇ ಬಿಟ್ಟರು, ಉಪ್ಪಿನಕಾಯಿಯ ಬಾಟಲಿಯನ್ನೂ. ವಾಲ್ಟರ್ ಬಾಗಿಲ ತನಕ ಬಂದು ಸಾವ್ಕಾರರನ್ನು ತಬ್ಬಿಕೊಂಡ. ಎಲೆನ್ ಕಾರಿನಿಂದ ಹಾರನ್ ಒತ್ತುತ್ತಿದ್ದಳು.

ಮತ್ತೆ ದವಾಖಾನೆ

ಎರಡು ದಿನ ಕಳೆದ ಮೇಲೆ ವಾರ್ಡಿನಲ್ಲಿ ವಾಲ್ಟರನನ್ನು ಕಂಡೆವು. ಮುಖವಾಡ ಹಾಕಿ ಆಮ್ಲಜನಕ ಕೊಡುತ್ತಿದ್ದರು. ಒಲೆಗೆ ಊದುವ ತಿದಿಯಂತೆ ಎದೆ ಏರಿಳಿಯುತ್ತಿತ್ತು, ಕಾಲು ಕಂಬದಂತೆ ಬಾತಿತ್ತು. ಎಲೆನ್ ಕೈಯಲ್ಲಿ ನಮ್ಮ ಪೊಟ್ಟಣ ಖಾಲಿಯಾಗಿ ನೇತಾಡುತ್ತಿತ್ತು. ಎರಡೂ ದಿನ ಅದನ್ನೇ ತಿಂದಿದ್ದನಂತೆ, ತೂಕವನ್ನು ಸುಳ್ಳು ಹೇಳಿದ್ದನಂತೆ. ಅವಳು ಬೈದಿದ್ದರೆ ಒಳ್ಳೆಯದಿತ್ತು. "ಇದರಲ್ಲಿ ಉಪ್ಪು ಎಷ್ಟು ಹಾಕುತ್ತೀರಿ?" ಎಂದು ಮಾತ್ರ ಕೇಳಿದಳು. ನಾನು ಅನುವಾದಿಸಿದೆ. ಸಾವ್ಕಾರರು ಅಂಗೈ ಬೊಗಸೆ ಮಾಡಿ ತೋರಿಸಿದರು.

ಒಬ್ಬ ಮನುಷ್ಯನನ್ನು ಉಪಚಾರ ಮಾಡಿಯೇ ಸಾವಿನ ಬಾಗಿಲಿಗೆ ತಂದು ನಿಲ್ಲಿಸಿದ್ದೆವು. ಕ್ಷಮೆ ಕೇಳೋಣ ಎಂದು ಟಾಮ್‌ನ ಕೋಣೆಗೆ ಹೋದೆ. ಖರ್ಚನ್ನು ನಾವು ಕೊಡುತ್ತೇವೆ ಎಂದೆ. ಅವನು ನನ್ನ ಭುಜ ತಟ್ಟಿ ಕೂರಿಸಿದ.

"ವಾಲ್ಟರ್ ಬದುಕುತ್ತಾನೆ, ಡಾಕ್ಟರು ಹೇಳಿದ್ದಾರೆ. ಖರ್ಚಿನ ಬಗ್ಗೆ ಚಿಂತೆ ಬೇಡ, ದವಾಖಾನೆಗೆ ಇದರಿಂದ ನಷ್ಟವೇನಿಲ್ಲ" ಎಂದ. ಅವನು ಸಮಾಧಾನ ಮಾಡಲೆಂದೇ ಹೇಳಿದ್ದು.

ನಷ್ಟವಿಲ್ಲ ಎಂದರೆ ಏನು ಎಂದು ನನ್ನೊಳಗಿನ ಆಡಿಟರ್ ಕೇಳದೆ ಬಿಡಲಿಲ್ಲ. ಟಾಮ್ ಬಿಡಿಸಿ ಹೇಳಿದ. ವಾಲ್ಟರ್ ಮಲಗಿದರೆ ವಿಮೆಯವರು ಹಣ ಕೊಡುತ್ತಾರೆ. ಎಲೆನ್ ಫೋನು ಮಾಡಿದರೆ, ಕಾರು ಓಡಿಸಿದರೆ, ಕಪಾಟು ತೆಗೆದರೆ ಯಾರೂ ಏನೂ ಕೊಡುವುದಿಲ್ಲ. ಅವಳ ಸಂಬಳ ದವಾಖಾನೆಯ ಕೈಯಿಂದ ಹೋಗುತ್ತದೆ. ಅದರ ಮೇಲೆ ಅವಳು ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ವಾರ್ಡಿನ ಹಾಸಿಗೆ ಖಾಲಿಯಾಗುತ್ತದೆ. ಎರಡು ಕಡೆಯಿಂದ ಪೆಟ್ಟು. ಆಡಳಿತದವರು ತೀರ್ಮಾನ ಮಾಡಿ ಆಗಿದೆ, ಮುಂದಿನ ತಿಂಗಳಿಂದ ನೆಲಮಾಳಿಗೆಯ ಕೋಣೆ ಮುಚ್ಚುತ್ತದೆ. "ನನಗೂ ಬೇಸರವಿದೆ" ಎಂದ, ಮತ್ತು ಅವನಿಗೆ ನಿಜವಾಗಿಯೂ ಬೇಸರವಿತ್ತು.

ನಮ್ಮ ಹಿಂಡಿ ತಿಂದು ವಾಲ್ಟರ್ ಸಾಯಹೊರಟದ್ದು ಈ ಕಟ್ಟಡದಲ್ಲಿ ಜಮಾ. ಎಲೆನ್ ಅವನನ್ನು ಇಷ್ಟು ದಿನ ಉಸಿರಾಡಿಸಿದ್ದು ಖರ್ಚು. ನಾನು ಕಲಿತ ವಿದ್ಯೆಯ ಪ್ರಕಾರ ಅವನ ಲೆಕ್ಕದಲ್ಲಿ ಒಂದು ಕಾಸಿನ ತಪ್ಪೂ ಇರಲಿಲ್ಲ. ಆ ಕಾರಂಜಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆ, ಮುದುಕ ಪಿಯಾನೋ ನುಡಿಸುತ್ತಲೇ ಇದ್ದ.

ಸಾವ್ಕಾರರಿಗೆ ಎಲ್ಲ ಹೇಳಿದೆ. "ಆಕಿ ಕೆಲಸ ಚಂದ ಮಾಡ್ಯಾಳಂತ ಆಕೀನ ತಗೀತಾರೇನ್ರಿ?" ಎಂದು ಎರಡು ಸಲ ಕೇಳಿದರು. ಆಮೇಲೆ ನನ್ನ ತೋಳು ಹಿಡಿದರು.

"ಆಡಿಟರ್ ಸಾಹೇಬ್ರ, ಸುವರ್ಣಾ ಆರಾಮಾಗಿ ಜೇವರ್ಗಿಗಿ ಹೋಗೂ ಮುಂದ ನಾ ಏನ್ ಕಟ್ಟಿ ಕಳಿಸ್ತೇನಿ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಮಗಳನ್ನು ಬರಿಗೈಯಲ್ಲಿ ಗಂಡನ ಮನೆಗೆ ಕಳಿಸುವ ತಂದೆ ನಮ್ಮ ಕಡೆ ಇಲ್ಲ. ಪ್ರತಿ ಸಲವೂ ಅವಳ ಜೊತೆ ಜೀಪಿನಲ್ಲಿ ಹಿಂಡಿಯ ಡಬ್ಬಿ, ಉಪ್ಪಿನಕಾಯಿಯ ಭರಣಿ, ಹಪ್ಪಳದ ಗಂಟು ಹೋಗುತ್ತಿದ್ದವು.

"ಡಾಕ್ಟರ್ ಉಪ್ಪು ಕಡಿಮಿ ತಿನ್ನು ಅಂದಿದ್ಲು. ಸಾರಿನ್ಯಾಗ ಕಡಿಮಿ ಹಾಕ್ಕೋತಾಳಂತ ನಾ ತಿಳ್ಕೊಂಡಿದ್ದೆ" ಎಂದರು. "ನಾನ ಕಳಿಸೇನ್ರಿ. ನಾನ ನನ್ನ ಕೈಲೆ."

ಜೇವರ್ಗಿಗೆ ಫೋನು

ಎಲೆನ್ ತನ್ನ ಕೋಣೆಯಿಂದ ಫೋನು ಮಾಡಲು ಬಿಟ್ಟಳು. ಇಲ್ಲಿ ಬೆಳಿಗ್ಗೆ, ಜೇವರ್ಗಿಯಲ್ಲಿ ಸಂಜೆ. ಎತ್ತಿದ್ದು ಬೀಗತಿ, ಸುವರ್ಣಾಳ ಅತ್ತೆ. ಸಾವ್ಕಾರರು ಎದ್ದು ನಿಂತು, ಅವರು ಎದುರಿಗೇ ಇದ್ದಾರೆಂಬಂತೆ ತಲೆಯ ಟೋಪಿ ಸರಿ ಮಾಡಿಕೊಂಡರು.

"ನಮಸ್ಕಾರ್ರಿ ಬೀಗತೇರ. ಎಲ್ಲಾ ಆರಾಮೇನ್ರಿ? ಸುವರ್ಣಾ? ಹೌದ್ರಿ... ಕಾಲು ಬಾತಾವೇನ್ರಿ? ಹೂಂ ರೀ... ಹಿಂಡಿ ಮುಗದದೇನ್ರಿ? ಕಳಿಸ್ತೇನ್ರಿ. ಬಂದ ಕೂಡ್ಲೇ ಕಳಿಸ್ತೇನಿ."

ಇಟ್ಟುಬಿಟ್ಟರು.

ಹೇಳಬೇಕಾದ ಒಂದು ಮಾತು ಬಿಟ್ಟು ಎಲ್ಲ ಹೇಳಿದಿರಲ್ಲ ಎಂದು ನಾನು ಸಿಟ್ಟಿನಿಂದಲೇ ಕೇಳಿದೆ.

"ಹ್ಯಾಂಗ ಹೇಳ್ಲಿ? ನಿಮ್ಮ ಮನ್ಯಾಗ ಉಂಡ ಉಪ್ಪಿನಿಂದ ನನ್ನ ಮಗಳು ಸಾಯಾಕತ್ತ್ಯಾಳ ಅಂತ ಬೀಗತಿಗಿ ಹೆಣ್ಣಿನ ಅಪ್ಪ ಹೇಳಬಹುದೇನ್ರಿ? ಸೊಸಿಗಿ ಬ್ಯಾರೆ ಅಡಗಿ ಮಾಡ್ರಿ ಅಂದ್ರ ನಾಳಿ ಆ ಮನ್ಯಾಗ ಆಕಿ ಹ್ಯಾಂಗ ಬಾಳಬೇಕು?" ಎಂದು ಸಾವ್ಕಾರರು ಕುರ್ಚಿಗೆ ಕುಸಿದರು. ಎಪ್ಪತ್ತರ ಹತ್ತಿರದ ಆ ದೊಡ್ಡ ಮನುಷ್ಯ ಸಣ್ಣ ಮಗುವಿನ ಹಾಗೆ ಅತ್ತರು.

ಏನಾಯಿತೆಂದು ಎಲೆನ್ ಕೇಳಿದಳು. ಬೀಗತನವನ್ನು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ನನಗೆ ಬೆವರು ಬಂತು. ಅವಳು ಅರ್ಥ ಮಾಡಿಕೊಂಡಳು.

"ಮನೆಯವರು ಹೇಳಲಾಗದ್ದನ್ನು ಹೇಳಲೆಂದೇ ನನಗೆ ಸಂಬಳ ಕೊಡುತ್ತಿದ್ದರು" ಎಂದಳು. ಆಮೇಲೆ ತಾನೇ ಶಿವಲೀಲಾಳ ನಂಬರು ಕೇಳಿ ಪಡೆದು, ವಾರ್ಡಿಗೆ ಫೋನು ಹಚ್ಚಿ, ಜೇವರ್ಗಿಗೆ ಯಾರನ್ನಾದರೂ ತಕ್ಷಣ ಕಳಿಸಿ ಎಂದಳು. ಕಳಿಸಲು ಯಾರೂ ಇಲ್ಲ ಎಂದಳು ಶಿವಲೀಲಾ. ತಾನೇ ಆ ರಾತ್ರಿಯ ಬಸ್ಸು ಹಿಡಿದು ಹೋಗಿ ಸುವರ್ಣಾಳನ್ನು ಕರೆತಂದಳು.

ಆಳಂದ

ವಾಲ್ಟರ್ ಚೇತರಿಸಿಕೊಂಡದ್ದನ್ನು ನೋಡಿಯೇ ನಾವು ಹೊರಟೆವು. ಹೊಸ ವರ್ಷಕ್ಕೆ ಎಲೆನ್‌ಳ ಕಾರ್ಡು ಬಂತು. ಅವಳನ್ನು ಕಣ್ಣಿನ ವಾರ್ಡಿಗೆ ಹಾಕಿದ್ದರು. ವಾಲ್ಟರ್ ಅಷ್ಟರಲ್ಲೇ ಇನ್ನೆರಡು ಸಲ ಬಂದು ಮಲಗಿದ್ದನಂತೆ, ಈ ಬಾರಿ ನಮ್ಮ ಹಿಂಡಿ ಇಲ್ಲದೆಯೇ.

ಆ ವಾರವೇ ಟ್ರಸ್ಟಿನ ಸಭೆ. ಯಂತ್ರ ಬೇಡ, ಆ ಹಣದ ಬಡ್ಡಿಯಲ್ಲಿ ಹಳ್ಳಿ ತಿರುಗುವ ಒಬ್ಬ ನರ್ಸನ್ನು ಇಡೋಣ ಎಂದರು ಸಾವ್ಕಾರರು. ಅರಳೆ ವ್ಯಾಪಾರಿ ವೀರಭದ್ರಪ್ಪನವರು ನಕ್ಕರು.

"ಮಷೀನಿಗಿ ಆದ್ರ ತೀರಿಹೋದ ಅಕ್ಕೋರ ಹೆಸರ ಹಚ್ಚಬಹುದು. ನರ್ಸಿಗಿ ಎಲ್ಲಿ ಹಚ್ಚೋದ್ರಿ, ಬೆನ್ನಿಗೇನು?"

ಎಲ್ಲರೂ ನಕ್ಕರು, ಸಾವ್ಕಾರರೂ ಸ್ವಲ್ಪ ನಕ್ಕರು. ಆಮೇಲೆ ವೀರಭದ್ರಪ್ಪನವರು ಗಂಭೀರವಾಗಿ ಹೇಳಿದ್ದು ಹೀಗೆ.

"ಇನ್ನೊಂದ್ ಮಾತದ. ಆಕಿ ಹೋಗಿ ಎಲ್ಲಾರ್ನೂ ಮನ್ಯಾಗೇ ಆರಾಮ ಇಟ್ಳು ಅಂತ ಇಟ್ಕೋರಿ. ಹಾಸಿಗಿ ಖಾಲಿ ಬಿದ್ರ ವಾರ್ಡ್ ಹ್ಯಾಂಗ ನಡೀಬೇಕು? ಹೋದ ವರ್ಷ ಹಾರ್ಟಿನ ವಾರ್ಡೇ ನಮ್ಮ ದವಾಖಾನೀನ ಎತ್ತಿ ಹಿಡದದ."

ಸಮುದ್ರ ದಾಟಿ, ಚಳಿಯಲ್ಲಿ ನಡುಗಿ, ಬೇರೆಯವರ ಬಾಯಲ್ಲಿ ಕೇಳಿ ನಾನು ಬೆಚ್ಚಿದ್ದ ಮಾತನ್ನು ಆಳಂದದ ಕೋಣೆಯಲ್ಲಿ, ಚುರಮುರಿ ತಿನ್ನುತ್ತ, ನಮ್ಮ ಕನ್ನಡದಲ್ಲಿ ಹೇಳಿದರು. ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಹೋದ ವರ್ಷ ಆ ವಾರ್ಡಿನ ಹಾಸಿಗೆಗಳಲ್ಲಿ ಎಲ್ಲರಿಗಿಂತ ಹೆಚ್ಚು ದಿನ ಮಲಗಿದ್ದು ಅಧ್ಯಕ್ಷರ ಮಗಳು ಎಂದು ಒಬ್ಬರಿಗೂ ನೆನಪಾಗಲಿಲ್ಲ. ಶಿವಲೀಲಾ ತಲೆ ತಗ್ಗಿಸಿ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಸಾವ್ಕಾರರು ಮಾತಾಡಿದರು, ದನಿ ಏರಿಸದೆ.

"ಮಲಗಿದವರ ಕಡೆ ನೀವು ತಗೊಳ್ಳೋದು ತಗೋರಿ. ಯಾವ ಹಾಸಿಗಿ ಖಾಲಿ ಬೀಳ್ತದೋ ಅದರ ಬಾಡಗಿ ನಾ ಕೊಡ್ತೇನಿ. ತಿಂಗಳಾ ತಿಂಗಳಾ ನನ್ನ ಕಡೆ ಬಂದು ವಸೂಲ್ ಮಾಡ್ರಿ."

ಯಾರೂ ಚುರಮುರಿಗೆ ಕೈ ಹಾಕಲಿಲ್ಲ. ಇಂಥದ್ದನ್ನು ಯಾವ ತಲೆಬರಹದ ಕೆಳಗೆ ಬರೆಯಬೇಕೆಂದು ನನಗೂ ಗೊತ್ತಿರಲಿಲ್ಲ.

ಹಾಗೆ ನೇಮಕವಾದ ನರ್ಸ್ ನಸೀಮಾ ಮೊದಲು ಹೋದದ್ದು ಜೇವರ್ಗಿಗೆ. ಬೀಗತಿಯ ಅಡುಗೆಮನೆಗೆ ನೇರ ನುಗ್ಗಿ ಡಬ್ಬಿಗಳನ್ನೆಲ್ಲ ಇಳಿಸಿದಳಂತೆ. ದವಾಖಾನೆಯವರೇ ಹೇಳಿದ ಮೇಲೆ ಬೀಗತಿಗೆ ಅದರಲ್ಲಿ ಅವಮಾನವೇನೂ ಕಾಣಲಿಲ್ಲ, ಸೊಸೆಯ ಸಾರನ್ನು ಈಗ ಉಪ್ಪು ಹಾಕುವ ಮೊದಲು ತಾವೇ ಬೇರೆ ತೆಗೆದಿಡುತ್ತಾರೆ. ಸುವರ್ಣಾಳ ಹೃದಯ ವಾಸಿಯಾಗಿಲ್ಲ, ಆಗುವುದೂ ಇಲ್ಲ ಎನ್ನುತ್ತಾಳೆ ಶಿವಲೀಲಾ. ಆದರೆ ಅವಳು ಮೆಟ್ಟಿಲು ಹತ್ತುತ್ತಾಳೆ, ಮಕ್ಕಳ ಹಿಂದೆ ಓಡುತ್ತಾಳೆ, ಅಫಜಲಪುರದ ಲಗ್ನಕ್ಕೂ ಹೋಗಿ ಬಂದಳು.

ಖಾಲಿ ಹಾಸಿಗೆಗಳ ಬಾಡಿಗೆ ಕಟ್ಟಲು ಸಾವ್ಕಾರರು ತಿಂಗಳ ಕೊನೆಗೆ ತಾವೇ ನನ್ನ ಕಚೇರಿಗೆ ಬರುತ್ತಾರೆ. ತೊಗರಿಯ ಒಂದು ಚೀಲಕ್ಕೆ ಅರ್ಧ ದಿನ ಜಗ್ಗಾಡುವ ಮನುಷ್ಯ. ಮೊನ್ನೆ ಮೊತ್ತ ನೋಡಿ ನನಗೇ ಹೆದರಿಕೆಯಾಗಿ, ಈ ಸಲ ಬಹಳ ಆಯಿತು ಸಾವ್ಕಾರ್ರ ಎಂದೆ.

ಅವರು ಚೀಲದಿಂದ ಹಣ ತೆಗೆದು ಮೇಜಿನ ಮೇಲೆ ಇಟ್ಟು, "ಇನ್ನೂ ಆಗ್ಲಿ ತಗೋರಿ" ಎಂದರು.